ಚಿಂಬಲ್ ಗುಡ್ಡದ ಬೆಕ್ಕಿಗೊಂದು ಜೊತೆ

ಇಂದ,
ಪರಮಣ್ಣ, ಗೌಂಡಿ (ಗೋಡೆಗೆ ಸಿಮೆಂಟು ಮೆತ್ತುವ ಗಿಲಾವು ಕೆಲಸದಲ್ಲಿ ವಿಶೇಷ ಪರಿಣತಿ),
ಪತ್ರಾಸಿನ (ತಗಡಿನ) ಮನೆ, ಜೈನಬಕ್ಕನ ಚಹಾದಂಗಡಿಯ ಹಿಂದೆ,
ಚಿಂಬಲ್ ಗುಡ್ಡ, ಪಣಜಿ ಹತ್ತಿರ, ಗೋವಾ.
(ಮೊದಲು ಬರೆದಿದ್ದ ‘ಪರಮ ನಿವಾಸ, ಸಮುದ್ರದ ಎದುರು’ ಎಂಬ ವಿಳಾಸವನ್ನು ಸಾಕ್ಷಿದಾರರ ಆಕ್ಷೇಪಣೆಯ ಮೇರೆಗೆ ಹೊಡೆದುಹಾಕಲಾಗಿದೆ.)

ಗೆ,
ಶ್ರೀ ಮಾನಪ್ಪನವರು,
ಗಣಿ ಲಾರಿಯ ಡ್ರೈವರು ಹಾಗೂ ಅರ್ಜಿದಾರನ ಹೆಂಡತಿಯ ಖಾಸ ಅಣ್ಣ,
ಡಿಚೋಲಿ.

ದಿನಾಂಕ: ೧೪-೧೦-೧೯೯೨

ವಿಷಯ: ಅರ್ಜಿದಾರನ ಮನೆಯ ಬೆಕ್ಕಿಗೆ ಜೊತೆಯೊಂದನ್ನು ಮಂಜೂರು ಮಾಡುವ ಬಗ್ಗೆ. (ಅರ್ಜಿದಾರನ ಹೆಂಡತಿ ಹನುಮವ್ವಳನ್ನು ಕಳಿಸಿಕೊಡುವ ವಿಷಯಕ್ಕೂ ಈ ಅರ್ಜಿಗೂ ಯಾವುದೇ ಸಂಬಂಧವಿರುವುದಿಲ್ಲ.)

ಉಲ್ಲೇಖ: ೧) ನಾಗರಪಂಚಮಿಯ ಹಿಂದಿನ ದಿನ, ರವಿವಾರ, ಫೋಂಡಾದ ಸೈಟಿನಲ್ಲಿ ಎಲ್ಲರೆದುರು ತಾವು ಹೊರಡಿಸಿದ ಬಾಯಿ ಆದೇಶ: “ಇನ್ನೊಮ್ಮೆ ನಮ್ಮ ಓಣ್ಯಾಗ ಕಾಲಿಟ್ಟಿ ಅಂದ್ರ, ಕಾಲ ಮುರದು ಕೈಯಾಗ ಕೊಡ್ತೀನಿ.”
೨) ಸದರಿ ಬೆಕ್ಕಿನ ಉಪವಾಸ ಸತ್ಯಾಗ್ರಹ, ಅದೇ ದಿನದಿಂದ.

ಸೂಚನೆ: ತಮಗೆ ಸಹಿಯಷ್ಟೇ ಬರುತ್ತದೆಂದು ತಿಳಿದಿರುವುದರಿಂದ, ಈ ಅರ್ಜಿಯನ್ನು ತಮ್ಮ ಹಿರಿಯ ಮಗಳಿಂದ ಗಟ್ಟಿಯಾಗಿ ಓದಿಸತಕ್ಕದ್ದು. ಓದುವಾಗ ಅವಳು ಒಲೆಯ ಹತ್ತಿರ ನಿಂತಿರಬೇಕು. ಅಲ್ಲಿ ಬೆಳಕು ಚೆನ್ನಾಗಿರುತ್ತದೆ. ಒಲೆಯ ಮುಂದೆ ಯಾರಾದರೂ ಕೂತಿದ್ದರೆ ಅವರನ್ನು ಎಬ್ಬಿಸುವ ಅಗತ್ಯವಿಲ್ಲ.

ಮಾನ್ಯರೇ,

೧. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಸನ್ನಿಧಾನಕ್ಕೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಅರ್ಜಿದಾರನು ಬಾದಾಮಿ ತಾಲೂಕಿನಿಂದ ಬಂದು ಹನ್ನೊಂದು ವರ್ಷಗಳಿಂದ ಗೋವಾ ರಾಜ್ಯವನ್ನು ಕಟ್ಟುತ್ತಿದ್ದಾನೆ. ಅರ್ಜಿದಾರ ಬರುವ ಮೊದಲು ಪಣಜಿಯಲ್ಲಿ ಬರೀ ನದಿ ಇತ್ತು. ಇವನು ಗಿಲಾವು ಮಾಡಿದ ಗೋಡೆಯ ಮೇಲೆ ನೊಣ ಕೂತರೆ ಜಾರಿ ಬೀಳುತ್ತದೆ. ಹಲ್ಲಿಗಳು ಏಣಿ ಕೇಳುತ್ತವೆ. ಪಟ್ಟಣದ ಅರ್ಧ ಗೋಡೆಗಳು ಇವನ ಕೈಯವು. ಉಳಿದರ್ಧ, ಇವನಿಗೆ ಪುರುಸೊತ್ತು ಸಿಗದ ಕಾರಣ ಬೇರೆಯವರ ಪಾಲಿಗೆ ಬಂದವು. ಅರ್ಜಿ ಬರೆಯುವ ವಿದ್ಯೆಯನ್ನು ಬಾದಾಮಿಯ ಕಚೇರಿ ಎದುರಿನ ಬೇವಿನ ಗಿಡದ ಕೆಳಗೆ ಮೂರು ತಿಂಗಳು ಕೂತು ಕಲಿತಿರುವುದರಿಂದ, ಈ ಅರ್ಜಿಯನ್ನು ತಿರಸ್ಕರಿಸಲು ಸುಪ್ರೀಂ ಕೋರ್ಟಿಗೂ ಬರುವುದಿಲ್ಲ.

ಇಲ್ಲಿ ಒಂದು ವಿವರಣೆ ಅಗತ್ಯ. ಉಲ್ಲೇಖ ಒಂದರ ಆದೇಶದಂತೆ ಅರ್ಜಿದಾರ ತನ್ನ ಕಾಲುಗಳ ಹಿತದೃಷ್ಟಿಯಿಂದ ಡಿಚೋಲಿಗೆ ಖುದ್ದು ಬರುವಂತಿಲ್ಲ. ಕಾರಣ, ಪಕ್ಕದ ಮನೆಯ ಜೈನಬಕ್ಕ ಅವರ ಸ್ವಂತ ಮಗಳ ಮನೆಗೆ ಆ ಕಡೆ ಬರುವವರಿದ್ದು, ಅರ್ಜಿಯನ್ನು ತಲುಪಿಸಿ ಸಾಕ್ಷಿಯಾಗಿ ಹೆಬ್ಬೆಟ್ಟನ್ನೂ ಒತ್ತಲು ಒಪ್ಪಿರುತ್ತಾರೆ. ಆದರೆ ಒಂದು ಷರತ್ತು ಹಾಕಿದ್ದಾರೆ. ಅರ್ಜಿಯಲ್ಲಿ ಸುಳ್ಳು ಇರಕೂಡದು. ಆದ್ದರಿಂದ ಪ್ರತಿಯೊಂದು ಕಲಮನ್ನು ಬರೆದ ಕೂಡಲೇ ಅವರಿಗೆ ಓದಿ ಹೇಳಲಾಗುತ್ತಿದೆ. ಈ ಒಂದನೆಯ ಕಲಮನ್ನು ಕೇಳಿ ಅವರು, ಚಹಾ ಸೋಸುತ್ತಲೇ, ಕೆಳಗಿನಂತೆ ಆಕ್ಷೇಪಣೆ ದಾಖಲಿಸಿದರು:

“ಪರಮಣ್ಣ, ನದಿ ಇತ್ತು ಅನ್ನೋದು ಒಂದ ಖರೇ ಐತಿ. ಉಳಿದದ್ದು ಹೊಡದುಹಾಕು.”

ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ ಎಂಬ ಒಂದೇ ಕಾರಣಕ್ಕೆ ಉಳಿದದ್ದನ್ನು ಹಾಗೆಯೇ ಇಡಲಾಗಿದೆ. ಹೆಬ್ಬೆಟ್ಟು ಬಿದ್ದಿಲ್ಲ.

೨. ಬೆಕ್ಕಿನ ಬಗ್ಗೆ. ಸದರಿ ಬೆಕ್ಕು ಹೆಣ್ಣು, ಬಣ್ಣ ಬೂದಿ, ವಯಸ್ಸು ಎರಡು. ವಾಳಪೈ ಕಾಡಿನ ಹುಲಿಯೊಂದು ಅರ್ಜಿದಾರನ ಕೀರ್ತಿಯನ್ನು ಕೇಳಿ, ತನ್ನ ಕೂಸನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಇವನ ಬಾಗಿಲಲ್ಲಿ ಇಟ್ಟು ಹೋಯಿತು. ಕಾರಣ, ಇವನು ಇದಕ್ಕೆ ಹುಲಿಯವ್ವ ಎಂದು ನಾಮಕರಣ ಮಾಡಿದನು. ಮರಿಯಾಗಿದ್ದಾಗಲೇ ಇದು ಹನ್ನೊಂದು ಮೊಳದ ಹಾವನ್ನು ಕರ್ನಾಟಕದ ಗಡಿಯ ತನಕ ಓಡಿಸಿಕೊಂಡು ಹೋಗಿ ವಾಪಸು ಬಂದಿರುತ್ತದೆ.

ಆಕ್ಷೇಪಣೆ: “ಹಾವಲ್ಲೋ ಅದು, ನನ್ನ ಸ್ಟೋವಿನ ಬತ್ತಿ. ನಮ್ಮ ಕಟ್ಟಿ ಇಳಿಯೋದರಾಗ ಸುಸ್ತಾಗಿ ಕುಂತಿತ್ತು.”

ಸಾಕ್ಷಿದಾರರ ಹೇಳಿಕೆಯ ಪ್ರಕಾರ, ಮರಿಯು ಮಳೆಗಾಲದಲ್ಲಿ ಸೈಟಿನ ಖಾಲಿ ಸಿಮೆಂಟು ಚೀಲದೊಳಗೆ ಸಿಕ್ಕಿದ್ದು. ಅಲ್ಲಿ ಮಣ್ಣು ಹೊರಲು ಬಂದಿದ್ದ ಹನುಮವ್ವ ಅದನ್ನು ಸೆರಗಿನಲ್ಲಿ ಸುತ್ತಿ ತಂದದ್ದು. ಅವಳು ಅದಕ್ಕೆ ಇಟ್ಟ ಹೆಸರು ಬೂದಿ. ಹುಲಿಯವ್ವ ಎಂದರೆ ಬೆಕ್ಕು ತಿರುಗಿ ನೋಡುವುದಿಲ್ಲ ಎಂಬುದನ್ನು ಅರ್ಜಿದಾರ ಒಪ್ಪಿಕೊಳ್ಳುತ್ತಾನೆ. ದೊಡ್ಡ ಮನೆತನದವರು ಕರೆದ ಕೂಡಲೇ ತಿರುಗಿ ನೋಡುವುದಿಲ್ಲ.

ಬೆಕ್ಕಿಗೆ ಒಂದು ಪದ್ಧತಿ ಇತ್ತು. ಗುಡ್ಡದ ತುಂಬ ಜನ ಬೇಕರಿಯ ಪಾವು ತಿಂದು ಕೆಲಸಕ್ಕೆ ಓಡುವ ಹೊತ್ತಿನಲ್ಲಿ, ಹನುಮವ್ವ ಮಾತ್ರ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಳು. ಆ ಟಪಟಪ ಸಪ್ಪಳ ಎದ್ದಿತೆಂದರೆ ಬೆಕ್ಕು ಯಾರ ಮನೆಯ ಮಾಡಿನ ಮೇಲಿದ್ದರೂ ಇಳಿದು ಬಂದು, ಒಲೆಯ ಬದಿಗೆ ಬಾಲ ಸುತ್ತಿ ಕೂರುತ್ತಿತ್ತು. ಮೊದಲ ರೊಟ್ಟಿಯ ಅಂಚು ಬೆಕ್ಕಿಗೆ. ಎರಡನೆಯ ರೊಟ್ಟಿ ಅರ್ಜಿದಾರನಿಗೆ. ಈ ಕ್ರಮಾಂಕದ ಬಗ್ಗೆ ಆಗ ತಕರಾರು ಮಾಡಲಾಗಿತ್ತು. ಈಗ ಅದನ್ನು ಬೇಷರತ್ತಾಗಿ ಹಿಂತೆಗೆದುಕೊಳ್ಳಲಾಗಿದೆ.

೩. ಬೆಕ್ಕು ಅನ್ನನೀರು ಬಿಡಲು ಕಾರಣವಾದ ಪ್ರಸಂಗ. ತಾವು ಸ್ಥಳದಲ್ಲಿ ಹಾಜರಿದ್ದರೂ ದಾಖಲೆಗೆ ಇರಲಿ ಎಂದು ಕಾಣಿಸಲಾಗಿದೆ.

ಮೂರು ವರ್ಷದ ಹಿಂದೆ ಮದುವೆಯ ಮಾತುಕತೆಯಲ್ಲಿ, ಹಿರಿಯರೆಲ್ಲ ಕಂಬಳಿಯ ಮೇಲೆ ಕೂತಿದ್ದಾಗ, ಗೋವಾದಲ್ಲಿ ತನಗೆ ಸ್ವಂತ ಮನೆ ಇದೆ ಎಂದಷ್ಟೇ ಅರ್ಜಿದಾರ ಹೇಳಿದ್ದನು. ಒಬ್ಬ ಹಿರಿಯರು ‘ಮ್ಯಾಲ ಮಾಳಿಗಿ ಐತೇನು?’ ಎಂದು ಕೇಳಿದ್ದರಿಂದ ಮಾಳಿಗೆ ಏರಿಸಲಾಯಿತು. ಇನ್ನೊಬ್ಬರು ನೀರಿನ ಮಾತೆತ್ತಿದ್ದರಿಂದ ನಲ್ಲಿ ಕೂಡಿಸಲಾಯಿತು. ಸಮುದ್ರ ಎಷ್ಟು ದೂರ ಎಂದು ತಾವೇ ಕೇಳಿದಿರಿ. ಅದನ್ನು ಕಿಟಕಿಗೆ ತರಲಾಯಿತು. ಯಾರೂ ಏನೂ ಕೇಳದಿದ್ದರೆ ಮನೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ. ಕಾರಣ, ತಪ್ಪು ಕೇಳಿದವರದ್ದು.

ಹನುಮವ್ವ ಬಂದು ಪತ್ರಾಸಿನ ಮನೆಯನ್ನು ಕಂಡಳು. ಕಸ ಹೊಡೆದಳು, ಮೂರು ಕಲ್ಲು ಹೂಡಿದಳು, ರೊಟ್ಟಿ ಬಡಿದಳು. ತವರಿನವರು ಕೇಳಿದಾಗಲೆಲ್ಲ ‘ಮನಿ ಚಲೋ ಐತಿ’ ಎಂದೇ ಹೇಳಿ ಕಳಿಸುತ್ತಿದ್ದಳು. ತನ್ನ ಮಾನ ಕಾಯಲು ಅವಳೂ ಸುಳ್ಳು ಹೇಳುತ್ತಿದ್ದಾಳೆಂದು ಅರ್ಜಿದಾರ ಹೆಮ್ಮೆಪಟ್ಟಿದ್ದನು. ಅದು ಸುಳ್ಳಲ್ಲವೆಂಬುದು ಇವನ ತಲೆಗೆ ಹೊಳೆಯಲಿಲ್ಲ.

ಈ ಬೇಸಿಗೆಯಲ್ಲಿ ತಾವು ಊರು ಬಿಟ್ಟು ಡಿಚೋಲಿಗೆ ಕೆಲಸಕ್ಕೆ ಬಂದಿರಿ. ಪಂಚಮಿಗೆ ತಂಗಿಯನ್ನು ಕರೆದೊಯ್ಯಲು ಉಂಡಿ ಕಟ್ಟಿಕೊಂಡು ಬರುತ್ತೇವೆಂದು ಹೇಳಿ ಕಳಿಸಿದಿರಿ. ಅರ್ಜಿದಾರನಿಗೆ ಮೈಮೇಲೆ ಮಾಳಿಗೆಯೇ ಕುಸಿದಂತಾಯಿತು. ಆಗ ಇವನು ಫೋಂಡಾದಲ್ಲಿ ಎರಡಂತಸ್ತಿನ ಬಂಗಲೆಯೊಂದಕ್ಕೆ ಗಿಲಾವು ಮಾಡುತ್ತಿದ್ದನು. ರವಿವಾರ ಸೈಟಿಗೆ ಸೂಟಿ. ಆದ್ದರಿಂದ ತಮ್ಮನ್ನು ಫೋಂಡಾದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಲು ಹೇಳಲಾಯಿತು. ಹನುಮವ್ವಳಿಗೆ, “ಸೈಟಿನ್ಯಾಗ ಒಂದೀಟು ಕೆಲಸ ಐತಿ. ಅಣ್ಣಾರು ಅಲ್ಲೇ ಬರ್ತಾರ, ಚಹಾ ಮಾಡಿ ಕೊಡು” ಎಂದು ಹೇಳಿ ಮೊದಲೇ ಕರೆದುಕೊಂಡು ಹೋಗಲಾಯಿತು. ಅವಳು ಪಾಪ, ನಿಜವೆಂದೇ ನಂಬಿ, ಮೂರು ಇಟ್ಟಂಗಿ ಹೂಡಿ ಚಹಾಕ್ಕೆ ಇಟ್ಟಳು.

ತಾವು ಹೆಂಡತಿ ಚಂದವ್ವನವರೊಂದಿಗೆ ಬಂದಿರಿ. ಅರ್ಜಿದಾರ ಕೈ ಬೀಸುತ್ತ ಬಂಗಲೆಯನ್ನೆಲ್ಲ ತೋರಿಸಿದನು: “ಇದು ದೇವರ ಕೋಲಿ. ಇದು ನಡುಮನಿ. ಅಕಾ ಅದು ಹನುಮಿ ಅಡಗಿಮನಿ.”

ಚಂದವ್ವನವರು ಸುತ್ತ ನೋಡಿ, “ಎಲ್ಲಾ ಚಲೋ ಐತ್ರಿ ಪರಮಣ್ಣಾರ. ಮನಿಗಿ ಬಾಗಲಾ ಇಲ್ಲಲ್ಲ?” ಎಂದರು.

“ಗೋವಾದಾಗ ಕಳ್ಳರ ಇಲ್ರೀ ಅಕ್ಕಾರ.”

“ಕಿಡಕಿನೂ ಇಲ್ಲಲ್ರಿ?”

“ಇಲ್ಲಿ ಗಾಳಿ ಭಾಳ ಸಭ್ಯ ಐತ್ರಿ. ಕೇಳೇ ಒಳಗ ಬರ್ತೈತಿ.”

ತಾವು ನಡುಮನೆಯ ಸಿಮೆಂಟು ಚೀಲಗಳ ರಾಶಿಯನ್ನು ತೋರಿಸಿ ಹುಬ್ಬೇರಿಸಿದಿರಿ. ಮೂರನೆಯ ಮಾಳಿಗೆಯ ಆಲೋಚನೆ ಇದೆ ಎಂದು ತಿಳಿಸಲಾಯಿತು. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಹನುಮವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಅವಳ ಕೈ ಸೋಸುತ್ತಿದ್ದಲ್ಲೇ ನಿಂತಿತು. ಅಷ್ಟರಲ್ಲಿ ಬಂಗಲೆಯ ಮಾಲೀಕರು ಹೆಂಡತಿಯ ಜೊತೆ, ಕಿಟಕಿ ಪರದೆಯ ಅಳತೆ ತೆಗೆದುಕೊಳ್ಳಲು ಟೇಪು ಹಿಡಿದು ಒಳಗೆ ಬಂದರು.

“ತುಮೀ ಕೋಣ? ಹಾಂಗಾ ಕಿತೆಂ ಕರ್ತಾತ?” ನೀವು ಯಾರು, ಇಲ್ಲೇನು ಮಾಡುತ್ತಿದ್ದೀರಿ ಎಂದು ಅವರು ಕೊಂಕಣಿಯಲ್ಲಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ಐದು ಭಾಷೆ ಬಲ್ಲ ಅರ್ಜಿದಾರನಿಗೆ ಐದರಲ್ಲೂ ಮಾತು ಹೊರಡಲಿಲ್ಲ. (‘ಹನ್ನೆರಡು ಭಾಷೆ’ ಎಂದಿದ್ದುದನ್ನು ಸಾಕ್ಷಿದಾರರು ಐದಕ್ಕೆ ಇಳಿಸಿದ್ದಾರೆ.) ಮಾತಾಡಿದವಳು ಹನುಮವ್ವ. ತಲೆಯ ಮೇಲೆ ಸೆರಗೆಳೆದುಕೊಂಡು ಮುಂದೆ ಬಂದು, “ಇವರು ಇಲ್ಲೆ ಗೌಂಡಿ ಅದಾರ್ರಿ. ನಾವು ಕೆಲಸಾ ನೋಡಾಕ ಬಂದೇವಿ. ಗ್ವಾಡಿ ಭಾಳ ಚಲೋ ಮಾಡ್ಯಾರ, ಮುಟ್ಟಿ ನೋಡ್ರಿ” ಎಂದಳು. ಮಾಲೀಕರ ಹೆಂಡತಿ ಭಾಷೆ ತಿಳಿಯದಿದ್ದರೂ ಗೋಡೆಯನ್ನು ಮುಟ್ಟಿ ನೋಡಿ ತಲೆದೂಗಿದರು. ಮಾಲೀಕರು ಚಹಾ ಕುಡಿದರು. ಅಲ್ಲಿಯ ತನಕ ಆ ಮನೆಯಲ್ಲಿ ಯಾರಾದರೂ ಆಡಿದ ನಿಜವಾದ ಮಾತೆಂದರೆ ಗೋಡೆಯ ಬಗ್ಗೆ ಹನುಮವ್ವ ಆಡಿದ್ದೊಂದೇ.

ಅವರು ಮೇಲಿನ ಕಿಟಕಿಗಳ ಅಳತೆಗೆ ಹೋದ ಬಳಿಕ ತಾವು ‘ಪರಮಣ್ಣಾರ’ ಎಂಬುದನ್ನು ‘ಪರಮ್ಯಾ’ ಎಂದು ಇಳಿಸಿ, ಉಲ್ಲೇಖ ಒಂದರ ಆದೇಶ ಹೊರಡಿಸಿದಿರಿ. ಅದಕ್ಕೆ ಅರ್ಜಿದಾರನ ತಕರಾರಿಲ್ಲ. ಆದರೆ ಹನುಮವ್ವ ಹೋಗುವಾಗ ಒಂದು ಮಾತು ಹೇಳಿದಳು. ಅದನ್ನು ಒಂದಕ್ಷರವೂ ಹೆಚ್ಚಿಸದೆ ಇಲ್ಲಿ ಕಾಣಿಸಲಾಗಿದೆ:

“ಪತ್ರಾಸ ಮನ್ಯಾಗ ಇರಾಕ ನನಗ ನಾಚಿಕಿ ಇರಲಿಲ್ರಿ. ನಿಮಗ ನಾಚಿಕಿ ಐತಿ ಅಂತ ಇವತ್ತ ಗೊತ್ತಾತು.”

ತಾವು ತಂದ ಉಂಡಿಯ ಡಬ್ಬಿ ಸೆಂಟ್ರಿಂಗ್ ಹಲಗೆಯ ಮೇಲೆಯೇ ಉಳಿಯಿತು. ಪಂಚಮಿಗೆಂದು ಹೋದವಳು ದಸರಾ ಮುಗಿದು ಬನ್ನಿ ಬಾಡಿದರೂ ಬಂದಿರುವುದಿಲ್ಲ. ಇದನ್ನು ಬೆಕ್ಕಿನ ಹಿನ್ನೆಲೆಯಾಗಿ ಮಾತ್ರ ತಿಳಿಸಲಾಗಿದೆ.

೪. ಅಂದಿನಿಂದ ಬೆಕ್ಕು ತಣ್ಣಗಿನ ಒಲೆಯ ಕಲ್ಲಿನ ಮೇಲೆ ಕೂತಿದೆ. ಪಾವು ಹಾಕಿದರೆ ಮೂಸುವುದಿಲ್ಲ. ಬಂಗಡೆ ಮೀನಿನ ತಲೆ ತಂದಿಟ್ಟರೆ, ಉಪಕಾರ ಮಾಡುವವರಂತೆ ಅರ್ಧ ತಿಂದು ಬಿಡುತ್ತದೆ. ಇಲಿಗಳು ಮೊದಲು ದೂರದಿಂದ ನಮಸ್ಕಾರ ಮಾಡಿ ಹೋಗುತ್ತಿದ್ದವು; ಈಗ ಅದರ ಬಾಲ ದಾಟಿಕೊಂಡೇ ಸಂಸಾರ ಹೂಡಿವೆ. ಎಲ್ಲಿಯಾದರೂ ಯಾರಾದರೂ ಬಟ್ಟೆ ಕುಕ್ಕಿದರೆ, ಚಾಪೆ ಬಡಿದರೆ, ಕಿವಿ ಎತ್ತುತ್ತದೆ. ಆಮೇಲೆ ಇಳಿಸುತ್ತದೆ. ಅರ್ಜಿದಾರ ಇದನ್ನು ಎರಡು ತಿಂಗಳಿಂದ ನೋಡುತ್ತಿದ್ದಾನೆ. ನೋಡುವುದು ಬಿಟ್ಟರೆ ಮನೆಯಲ್ಲಿ ಬೇರೆ ಕೆಲಸವಿಲ್ಲ.

ಜೈನಬಕ್ಕ ಒಂದು ದಿನ ಬಾಗಿಲಲ್ಲಿ ನಿಂತು ಬೆಕ್ಕನ್ನೂ ಅರ್ಜಿದಾರನನ್ನೂ ನೋಡಿ, “ಇದಕ್ಕ ಜೊತಿ ಬೇಕೋ ತಮ್ಮಾ. ಒಂಟಿ ಆಗೇತಿ” ಎಂದರು. ಆದ್ದರಿಂದ ಇನ್ನೊಂದು ಬೆಕ್ಕನ್ನು ಆರಿಸಲು ಏಕಸದಸ್ಯ ಸಮಿತಿಯನ್ನು ನೇಮಿಸಲಾಯಿತು. ಸದಸ್ಯ ಯಾರೆಂದು ತಾವು ಊಹಿಸಬಹುದು. ಹುಲಿಯ ಮನೆತನಕ್ಕೆ ಜೊತೆ ಹುಡುಕುವುದು ಹುಡುಗಾಟವಲ್ಲವಾಗಿ, ಗೋವಾದ ದಕ್ಷಿಣ ತುದಿಯ ಕಾಣಕೋಣದಿಂದ ಉತ್ತರ ತುದಿಯ ಪೆಡ್ನೆಯ ತನಕ ಸಮಿತಿ ಏಳುನೂರು ಬೆಕ್ಕುಗಳ ಸಂದರ್ಶನ ನಡೆಸಿತು. (ಆಕ್ಷೇಪಣೆ: “ಎರಡು.”)

೫. ಮೊದಲನೆಯ ಅಭ್ಯರ್ಥಿ, ಕಲಂಗುಟ್ ಬೀಚಿನಲ್ಲಿ ಕನ್ನಡಿ ಕಸೂತಿಯ ಚೀಲ ಮಾರುವ ಗಂಗೀಬಾಯಿಯವರ ಬಿಳಿ ಮರಿ. ಯಾರೋ ಪರದೇಶದವರು ಊರಿಗೆ ಹೋಗುವಾಗ ಬಿಟ್ಟು ಹೋದದ್ದು. ಕೊರಳಿಗೆ ಗಂಗೀಬಾಯಿಯವರೇ ಕನ್ನಡಿ ಹೊಲಿದ ಪಟ್ಟಿ ಕಟ್ಟಿದ್ದರು. ‘ಕಮ್’ ಅಂದರೆ ಬರುತ್ತಿತ್ತು, ‘ಬಾ’ ಅಂದರೆ ಹೋಗುತ್ತಿತ್ತು. ಹುಲಿಯವ್ವ ಅದರ ಕೊರಳಿನ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಂಡು, ಇನ್ನಷ್ಟು ಬೇಜಾರಾಗಿ, ಗೋಡೆಗೆ ಮುಖ ಮಾಡಿತು. ಮೂರನೆಯ ದಿನಕ್ಕೆ ಗಂಗೀಬಾಯಿಯವರೇ ಎರಡು ಬಸ್ಸು ಬದಲಿಸಿ ಗುಡ್ಡ ಹತ್ತಿ ಬಂದರು.

“ಕೊಡಪಾ ನನ್ನ ಮರಿ.”

“ಯಾಕ್ರೀ ಬಾಯಿ? ಇಲ್ಲಿ ರಾಜ್ಯಭೋಗ ಐತಿ ಅದಕ್ಕ.”

“ಇರಲಿ ನಿನ್ನ ರಾಜ್ಯ. ಕೊಟ್ಟಾಗಿಂದ ನನಗ ಕೂಳು ಸೇರವಲ್ಲದು.” ಮರಿಯನ್ನು ಚೀಲದೊಳಗೆ ಹಾಕಿಕೊಂಡು, ಅದರ ತಲೆಯಷ್ಟೇ ಹೊರಗೆ ಕಾಣುವಂತೆ, ಇಳಿದು ಹೋದರು. ತನ್ನದನ್ನು ತಾನೇ ಬಂದು ಕೇಳುವುದು ಇಷ್ಟು ಸಲೀಸೇ ಎಂದು ಅರ್ಜಿದಾರ ಬಹಳ ಹೊತ್ತು ದಾರಿಯನ್ನೇ ನೋಡುತ್ತಿದ್ದನು. ಈ ವಾಕ್ಯಕ್ಕೂ ವಿಷಯಕ್ಕೂ ಸಂಬಂಧವಿಲ್ಲ.

೬. ಎರಡನೆಯ ಅಭ್ಯರ್ಥಿ, ಫೋಂಡಾದಲ್ಲಿ ಮಟನ್ ಅಂಗಡಿ ನಡೆಸುವ ಶಫೀಸಾಬರ ಗಂಡುಬೆಕ್ಕು. ನೋಡಲು ಹೋಗುವಾಗ ಪದ್ಧತಿಯಂತೆ ಎಲೆಅಡಿಕೆ ಕಟ್ಟಿಕೊಂಡು, ಹಿರಿಯರೆಂದು ಜೈನಬಕ್ಕನನ್ನು ಮುಂದಿಟ್ಟುಕೊಂಡು ಹೋಗಲಾಯಿತು.

“ಹುಡುಗ ಏನ್ಮಾಡ್ತಾನ್ರೀ?” ಎಂದು ಅರ್ಜಿದಾರ ಕೇಳಿದನು.

“ಏನೂ ಮಾಡಂಗಿಲ್ಲ. ಅದಕ್ಕ ಕೊಡಾಕತ್ತೇನಿ.”

“ಗುಣಾ?”

ಶಫೀಸಾಬರು ಕತ್ತಿ ಒರೆಸುತ್ತ ಅರ್ಜಿದಾರನನ್ನು ಮೇಲಿಂದ ಕೆಳಗೆ ನೋಡಿದರು. “ನಿಮ್ಮಂಗ. ಬರೀ ಬಾಯಿ. ಮನಿ ಎಂಥಾದ್ದೈತಿ ನಿಮ್ಮದು?”

ಕೇಳಿದರು ನೋಡಿ! ಅರ್ಜಿದಾರ ಬಾಯಿ ತೆರೆದು “ಮಾಳಿಗಿ...” ಎನ್ನುವಷ್ಟರಲ್ಲಿ ಜೈನಬಕ್ಕ ತೋಳು ಚಿವುಟಿದರು. ಆ ಗುರುತು ಇನ್ನೂ ಇದೆ; ಲಗತ್ತಿಸಲು ಬರುವುದಿಲ್ಲ.

ಗಂಡುಬೆಕ್ಕು ಗೋಣಿಚೀಲದಲ್ಲಿ ಚಿಂಬಲ್ ತಲುಪಿತು. ಹುಲಿಯವ್ವ ಬಿಟ್ಟ ಮೀನನ್ನೆಲ್ಲ ತಿಂದು, ಅರ್ಜಿದಾರನ ದಿಂಬಿನ ಮೇಲೆ ಮೈಚಾಚಿತು. ತಾವು ಫೋಂಡಾದ ಬಂಗಲೆಯ ಬಾಗಿಲಿಲ್ಲದ ಚೌಕಟ್ಟನ್ನು ಹೇಗೆ ನೋಡಿದ್ದಿರೋ, ಹುಲಿಯವ್ವ ಆ ಗಂಡುಬೆಕ್ಕನ್ನು ಹಾಗೆಯೇ ನೋಡಿತು. ಬಳಿಕ ನಡೆದ ಯುದ್ಧದಲ್ಲಿ ಒಂದು ಕಪ್ಪು, ಎರಡು ಬಶಿ ಮತ್ತು ಅರ್ಜಿದಾರನ ಮೂಗಿನ ಸ್ವಲ್ಪ ಭಾಗ ನಷ್ಟವಾದವು.

ಜೈನಬಕ್ಕ ಉಪಾಯ ಹೇಳಿದರು: “ಒಂದ ಅರಿವಿಲೇ ಎರಡರ ಮೈಯೂ ಒರಸು. ವಾಸನಿ ಒಂದಾತಂದ್ರ ಹೊರಗಿನವರು ಅನಸಂಗಿಲ್ಲ.” ಕೈಗೆ ಸಿಕ್ಕಿದ್ದು ಒಲೆಯ ಹಿಂದೆ ತುರುಕಿದ್ದ ಒಂದು ಹಳೆಯ ಸೀರೆಯ ತುಂಡು. ಕಾದ ಹಂಚು ಹಿಡಿಯಲು ಹನುಮವ್ವ ಬಳಸುತ್ತಿದ್ದುದು. ಅಂಚೆಲ್ಲ ಸುಟ್ಟು, ಮಡಿಕೆಗಳಲ್ಲಿ ಜೋಳದ ಹಿಟ್ಟು ಹೆಪ್ಪುಗಟ್ಟಿತ್ತು. ಗಂಡುಬೆಕ್ಕನ್ನು ಒರೆಸಿ ಆಯಿತು. ಹುಲಿಯವ್ವನ ಹತ್ತಿರ ಒಯ್ದ ಕೂಡಲೇ ಅದು ಅರಿವೆಯನ್ನು ಅರ್ಜಿದಾರನ ಕೈಯಿಂದ ಹಲ್ಲಿನಿಂದ ಕಿತ್ತುಕೊಂಡಿತು. ಒಲೆಯ ಬದಿಗೆ ಎಳೆದುಕೊಂಡು ಹೋಗಿ, ಮುಂಗಾಲಿನಿಂದ ಹಿಟ್ಟು ನಾದಿದಂತೆ ನಾದಿ ನಾದಿ, ಅದರ ಮೇಲೆ ಸುತ್ತಿಕೊಂಡು ಮಲಗಿತು. ಎರಡು ತಿಂಗಳ ಮೇಲೆ ಅಂದು ಮೊದಲ ಸಲ ಸುಖದಿಂದ ಗುರುಗುಟ್ಟಿತು. ಜೈನಬಕ್ಕ ಗಂಡುಬೆಕ್ಕನ್ನು ಗೋಣಿಚೀಲಕ್ಕೆ ತುಂಬಿದರು.

“ಜೊತಿ ಬೇಕು ಅಂದವರು ನೀವ ಅಲ್ರೀ ಜೈನಬಕ್ಕ?”

“ಬೆಕ್ಕು ತಾ ಅಂತ ಯಾವಾಗ ಅಂದೆ?”

೭. ಆದ್ದರಿಂದ ಸಮಿತಿಯು ಮೂರನೆಯ ಅಭ್ಯರ್ಥಿಯಾಗಿ ತನ್ನನ್ನೇ ಪರಿಗಣಿಸಿತು. ಜೋಳದ ಹಿಟ್ಟು ತಂದು, ಬಿಸಿನೀರು ಹಾಕಿ, ಅರ್ಜಿದಾರ ಬಾಗಿಲನ್ನು ಅರ್ಧ ಮುಚ್ಚಿ ರೊಟ್ಟಿ ಬಡಿಯಲು ಕೂತನು. ಮೂವತ್ತು ಅಡಿ ಗೋಡೆಯನ್ನು ಒಂದು ನೂಲಿನಷ್ಟೂ ಏರುಪೇರಿಲ್ಲದೆ ಮಾಡುವ ಕೈಗೆ ಒಂದು ರೊಟ್ಟಿ ಎಷ್ಟರದು? ಸಿಮೆಂಟು ಮಾತು ಕೇಳುತ್ತದೆ, ಹಿಟ್ಟು ಕೇಳುವುದಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಬಿರುಕು. ಆದರೂ ಟಪಟಪ ಸಪ್ಪಳ ಎದ್ದಿತು.

ಬೆಕ್ಕು ಜೈನಬಕ್ಕನ ಮಾಡಿನ ಮೇಲಿತ್ತು. ಪತ್ರಾಸಿನ ಮೇಲೆ ದಡದಡ ಓಡಿ ಬಂದ ಸದ್ದು ಅರ್ಜಿದಾರನಿಗೆ ಕೇಳಿಸಿತು. ಬಾಗಿಲ ಸಂದಿಯಿಂದ ಒಳಗೆ ನುಗ್ಗಿತು. ಬಾಲ ಮೇಲೆತ್ತಿಕೊಂಡೇ ಬಂದು, ಒಲೆಯ ಮುಂದೆ ಕೂತವನನ್ನು ಕಂಡಿತು. ನಿಂತಿತು. ಹಿಟ್ಟಾದ ಕೈಯನ್ನು ನೋಡಿತು, ಮುಖ ನೋಡಿತು. ಬಾಲ ಇಳಿಸಿ, ಬಂದ ದಾರಿಯಲ್ಲೇ ಹೊರಗೆ ಹೋಯಿತು.

ಅಭ್ಯರ್ಥಿ ಅನರ್ಹ ಎಂದು ಷರಾ ಬರೆದು ಕಡತ ಮುಚ್ಚಲಾಗಿದೆ.

೮. ಇಲ್ಲಿಗೆ ಅರ್ಜಿ ಮುಗಿಯಿತೆಂದು ಅರ್ಜಿದಾರ ಮಸಿಯ ಡಬ್ಬಿಯನ್ನು ಮುಂದಿಟ್ಟನು. ಜೈನಬಕ್ಕ ಹೆಬ್ಬೆರಳನ್ನು ಸೆರಗಿನೊಳಗೆ ಸುತ್ತಿಕೊಂಡರು.

“ಹುಲಿ ಬರದಿ, ಹಾವು ಬರದಿ, ಮಂದಿ ಬಂಗಲಿ ಬರದಿ. ನಿನ್ನ ಮನಿ ಒಂದು ಎಲ್ಲಿ ಬರದಿ?”

“ಅದರಾಗ ಬರಿಯೂವಂಥಾದ್ದು ಏನೈತ್ರಿ ಜೈನಬಕ್ಕ?”

“ಅದನ್ನ ಬರಿ ಮತ್ತ.”

ಕಾರಣ, ಈ ಕೆಳಗಿನದನ್ನು ಬರೆಯಲಾಗಿದೆ.

ಮನೆ ಒಂದು ಕೋಣೆಯದು. ಉದ್ದ ಹತ್ತು ಅಡಿ, ಅಗಲ ಎಂಟು. ಕೆಳಗಿನ ಅರ್ಧ ಕೆಂಪು ಕಲ್ಲು, ಮೇಲಿನ ಅರ್ಧ ಪತ್ರಾಸು. ಮಳೆಗೆ ಎರಡು ಕಡೆ ಸೋರುತ್ತದೆ. ಬೋಗುಣಿ ಎಲ್ಲಿ ಇಡಬೇಕೆಂದು ಹನುಮವ್ವಳಿಗೆ ಗೊತ್ತು, ಅರ್ಜಿದಾರ ಪ್ರತಿ ಸಲ ತಪ್ಪು ಜಾಗದಲ್ಲಿ ಇಡುತ್ತಾನೆ. ನಲ್ಲಿ ಗುಡ್ಡದ ಕೆಳಗಿದೆ. ಕಿಟಕಿಯಿಂದ ಕಾಣುವುದು ಜೈನಬಕ್ಕನ ಸ್ಟೋವು. ಊರಿನವರ ಗೋಡೆಗಳನ್ನೆಲ್ಲ ನುಣ್ಣಗೆ ಮಾಡಿದ ಅರ್ಜಿದಾರ ತನ್ನ ಗೋಡೆಗೆ ಮೂರು ವರ್ಷ ಕರಣಿ ಮುಟ್ಟಿಸಿರಲಿಲ್ಲ. ಒಲೆಯ ಹಿಂದಿನದೊಂದಾದರೂ ಮಾಡಿಕೊಡಿ, ಹುಡಿ ಉದುರಿ ಹಿಟ್ಟಿನೊಳಗೆ ಬೀಳುತ್ತದೆ ಎಂದು ಹನುಮವ್ವ ಕೇಳಿದ್ದಳು. ನಾಳೆ ಎಂದಿದ್ದನು. ತನ್ನದಲ್ಲವೆಂಬಂತೆ ಬದುಕುತ್ತಿದ್ದ ಮನೆಗೆ ಗಿಲಾವು ಯಾಕೆ ಎಂಬುದು ಇವನ ಒಳಗಿನ ಮಾತಾಗಿತ್ತು.

ಕಳೆದ ರವಿವಾರ ಆ ಒಂದು ಗೋಡೆಯನ್ನು ಮಾಡಿದ್ದಾನೆ. ಬಲಗಡೆ ಸ್ವಲ್ಪ ಉಬ್ಬಿದೆ. ಹಸಿಯಿದ್ದಾಗ ಬೆಕ್ಕು ಕಾಲು ಊರಿದ್ದು, ನಾಲ್ಕು ಬೆರಳಿನ ಗುರುತು ಉಳಿದಿದೆ, ಅದನ್ನು ಒರೆಸಿಲ್ಲ. ನೊಣ ಕೂತರೆ ಜಾರುವುದಿಲ್ಲ. ಆರಾಮಾಗಿ ಕೂರುತ್ತದೆ.

ಇದನ್ನು ಓದಿ ಹೇಳಿದಾಗ ಜೈನಬಕ್ಕ ಮಸಿಯ ಡಬ್ಬಿಯನ್ನು ತಾವೇ ಹತ್ತಿರ ಎಳೆದುಕೊಂಡರು. ಅವರ ಹೆಬ್ಬೆಟ್ಟು ಈ ಎಂಟನೆಯ ಕಲಮಿಗೆ ಮಾತ್ರ ಅನ್ವಯಿಸತಕ್ಕದ್ದು.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದಾಗಿ, ಸದರಿ ಬೆಕ್ಕಿಗೆ ಕೆಳಕಂಡ ಅರ್ಹತೆಗಳುಳ್ಳ ಜೊತೆಯನ್ನು ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ರೊಟ್ಟಿ ಬಡಿಯಲು ಬರಬೇಕು. ಬೋಗುಣಿ ಇಡುವ ಜಾಗ ಗೊತ್ತಿರಬೇಕು. ಬೆಕ್ಕನ್ನು ಬೂದಿ ಎಂದು ಕರೆಯತಕ್ಕದ್ದು. ಇನ್ನು ಮುಂದೆ ದಾಖಲೆಗಳಲ್ಲಿಯೂ ಅದೇ ಹೆಸರು. ಎಡಗೈಯ ತೋರುಬೆರಳಿನ ಮೇಲೆ ಹಂಚು ಸುಟ್ಟ ಹಳೆಯ ಕಲೆ ಇದ್ದಲ್ಲಿ ಆದ್ಯತೆ. ಇಂಥವರೊಬ್ಬರು ತಮ್ಮ ಮನೆಯಲ್ಲಿ ಇದ್ದಾರೆಂದು ಬೆಕ್ಕಿನ ಕಡೆಯಿಂದ ತಿಳಿದುಬಂದಿದೆ. ಅವರು ಅರ್ಜಿದಾರನನ್ನು ಮಾತಾಡಿಸಲೇಬೇಕೆಂಬ ನಿಯಮವೇನೂ ಇಲ್ಲ.

ಮಂಜೂರಾತಿಗೆ ಮೊದಲು ಸ್ಥಳ ಪರಿಶೀಲನೆ ಆಗಬೇಕಾದದ್ದು ಕಾನೂನು. ಹೋದ ಸಲ ತಮಗೆ ತಪ್ಪು ಸ್ಥಳವನ್ನು ತೋರಿಸಲಾಗಿತ್ತು. ಕಾರಣ, ಬರುವ ರವಿವಾರ ತಾವು, ಚಂದವ್ವನವರು ಮತ್ತು ಸದರಿ ಅಭ್ಯರ್ಥಿ ಚಿಂಬಲ್ ಗುಡ್ಡದ ಸ್ಟಾಪಿನಲ್ಲಿ ಇಳಿಯಬೇಕು. ಅಲ್ಲಿಂದ ಯಾರನ್ನೂ ‘ಪರಮಣ್ಣನ ಬಂಗಲೆ’ ಎಂದು ಕೇಳಬಾರದು, ನಗುತ್ತಾರೆ. ‘ಹನುಮವ್ವನ ಮನೆ’ ಎಂದು ಕೇಳಿದರೆ ತೋರಿಸುತ್ತಾರೆ. ಅದಕ್ಕೆ ಬಾಗಿಲಿದೆ.

ತಮ್ಮ ವಿಶ್ವಾಸಿ (ವಿಶ್ವಾಸ ಇನ್ನೂ ಒಂದಿಷ್ಟು ಉಳಿದಿದ್ದಲ್ಲಿ),
ಪರಮಣ್ಣ, ಗೌಂಡಿ

ಸಾಕ್ಷಿ: ಜೈನಬ, ಎಡಗೈ ಹೆಬ್ಬೆಟ್ಟು (ಕಲಮು ೮ಕ್ಕೆ ಮಾತ್ರ)

ಲಗತ್ತುಗಳು:
೧) ತಾವು ಬಿಟ್ಟು ಹೋದ ಉಂಡಿಯ ಡಬ್ಬಿ ಒಂದು. ಉಂಡಿಗಳನ್ನು ಯಾರೂ ತಿಂದಿಲ್ಲವೆಂದು ಬರೆಯುವ ಆಸೆ ಇತ್ತು, ಅರ್ಜಿದಾರ ತಿಂದಿದ್ದಾನೆ.
೨) ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದೆಂಬ ಪದ್ಧತಿಯಂತೆ, ಅದರೊಳಗೆ ಅರ್ಜಿದಾರ ಬಡಿದ ರೊಟ್ಟಿ ಒಂದು. ಗೋವಾದ ನಕ್ಷೆಯ ಆಕಾರದಲ್ಲಿದೆ. ಬಸ್ಸಿನಲ್ಲಿ ಎರಡೂ ಜಿಲ್ಲೆಗಳು ಬೇರೆಯಾಗುವ ಸಂಭವವಿದೆ.
೩) ಹಂಚು ಹಿಡಿಯುವ ಅರಿವೆ: ಲಗತ್ತಿಸಿಲ್ಲ. ಬೆಕ್ಕು ಅದರ ಮೇಲೆ ಮಲಗಿದೆ.

ಕೊನೆಯ ವಿನಂತಿ: ಪರಿಶೀಲನೆಯ ದಿನ ಅರ್ಜಿದಾರ ಬಾಯಿ ಬಿಡದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನು ಜೈನಬಕ್ಕ ವಹಿಸಿಕೊಂಡಿದ್ದು, ಇವನು ಅವರ ಅಂಗಡಿಯಲ್ಲಿ ಕೂತಿರುತ್ತಾನೆ, ಬೆಕ್ಕು ಅವರ ಮಾಡಿನ ಮೇಲಿರುತ್ತದೆ. ಹಿಟ್ಟು, ನೀರು, ಒಣಗಿದ ಕಟ್ಟಿಗೆ ಒಲೆಯ ಹತ್ತಿರ ಇಡಲಾಗುವುದು. ಸದರಿ ಅಭ್ಯರ್ಥಿ ಮನಸ್ಸಾಗಿ ಒಂದೇ ಒಂದು ರೊಟ್ಟಿ ಬಡಿದರೆ, ಆ ಸಪ್ಪಳಕ್ಕೆ ಮೊದಲು ಬಾಗಿಲಿಗೆ ಓಡಿ ಬಂದದ್ದು ಬೆಕ್ಕೋ ಅರ್ಜಿದಾರನೋ ಎಂಬುದನ್ನು ತಾವು ಖುದ್ದು ನೋಡಿ, ಈ ಅರ್ಜಿಯ ಹಿಂಬದಿಯಲ್ಲಿ ಮಗಳಿಂದ ಷರಾ ಬರೆಸಿ, ಸಹಿ ಹಾಕಬೇಕಾಗಿ ಕೋರಲಾಗಿದೆ.